ಕೊಸ್ತ್ಯಾನ ಡೆಸ್ಕಿನ ಇನ್ನೊಂದು ಪಕ್ಕ

ಅಣ್ಣ ನಜಾರ್ ಗಡ್ಡ ಹೆರೆದುಕೊಳ್ಳುವುದನ್ನು ಯರಿನಾ ನೋಡುತ್ತ ನಿಂತಿದ್ದಳು. ಹದಿನಾಲ್ಕು ತಿಂಗಳಿಂದ ಕನ್ನಡಿಯ ಕಡೆ ತಲೆ ಹಾಕದವನು ಈಗ, ಗೆಳೆಯ ಕೊಸ್ತ್ಯಾ ಯುದ್ಧದಲ್ಲಿ ಸತ್ತ ಪುಣ್ಯದಿಂದ, ಕೆನ್ನೆಗೆಲ್ಲ ನೊರೆ ಬಳಿದುಕೊಂಡು, ಬಾಯಿ ಒಂದು ಕಡೆ ಎಳೆದುಕೊಂಡು, ಮದುವೆಗೆ ಹೊರಟವನ ಹಾಗೆ ನಿಂತಿದ್ದಾನೆ. ಕರೆಂಟಿರಲಿಲ್ಲ. ಟಾರ್ಚು ಹಿಡಿಯುವ ಕೆಲಸ ಅವಳದು. ಬೆಳಕು ಅವನ ಕುತ್ತಿಗೆಯ ಮೇಲೆ ಬಿದ್ದಾಗ ಗದ್ದದ ಕೆಳಗೆ ಹೊಸದಾಗಿ ಸೇರಿಕೊಂಡ ಮಡಿಕೆಯೊಂದು ಕಂಡಿತು. ತಿಂದು ಮಲಗಿ, ತಿಂದು ಮಲಗಿ ಬಂದ ಮಡಿಕೆ. ಶಾಲೆಯ ವೀಡಿಯೊ ಕರೆಗಾಗಿ ಒಳಗಿನ ಕೋಣೆಯಲ್ಲಿ ಪೋಲೆಂಡ್ ಸಿದ್ಧವಾಗಿತ್ತು: ಗೋಡೆಯ ಹಳೆ ಜಮಖಾನ ಮುಚ್ಚುವಂತೆ ಕಟ್ಟಿದ ಬಿಳಿ ಹಾಸು, ಒಂದು ಗಂಟೆ ಹಿಂದಕ್ಕೆ ತಿರುಗಿಸಿಟ್ಟ ಗಡಿಯಾರ, ಅಮ್ಮ ಯಾರನ್ನೋ ಕಾಡಿಬೇಡಿ ತಂದ, ಪೋಲಿಷ್ ಅಕ್ಷರಗಳಿದ್ದ ಮೊಸರಿನ ಖಾಲಿ ಡಬ್ಬಿ. ಎರಡು ದಿನದಿಂದ ಅಣ್ಣ ತಂಗಿ ಇಬ್ಬರೂ ಸೇರಿ ಎಲ್ಲವನ್ನೂ ಯೋಚಿಸಿದ್ದರು. ಸೈರನ್ ಹೊಡೆದರೆ ಅವನು ತಕ್ಷಣ ಕರೆ ಕತ್ತರಿಸಬೇಕು, ಶಾಲೆಯಲ್ಲಿ ಅವಳು ನೆಟ್ ಹೋಯಿತು ಎನ್ನಬೇಕು. ಕೆಳಗೆ ಅಂಗಳದಲ್ಲಿ ಯಾರಾದರೂ ಉಕ್ರೇನಿಯನ್‌ನಲ್ಲಿ ಕೂಗಿದರೆ ಪರವಾಗಿಲ್ಲ, ಪೋಲೆಂಡಿನಲ್ಲಿ ಈಗ ನಮ್ಮವರೇ ಅರ್ಧ. ‘ಕಾಗೆ ಕೂಗಿದ್ರೆ?’ ಎಂದಿದ್ದಳು ಅವಳು, ಬೇಕೆಂದೇ. ‘ಯಾಕೆ, ಪೋಲೆಂಡಲ್ಲಿ ಕಾಗೆ ಇರಲ್ವೇನೆ?’ ಎಂದು ನಜಾರ್ ನಕ್ಕಿದ್ದ. ಆ ನಗು ಅವಳಿಗೆ ಸಹಿಸಲಾಗಿರಲಿಲ್ಲ. ‘ನೀಟಾಗಿದೆಯಾ?’ ಎಂದು ಅವನು ಈಗ ಕೆನ್ನೆ ತಿರುಗಿಸಿ ಕೇಳಿದ. ‘ಹೆಣದ ಹಾಗೆ ಕಾಣ್ತಿದೀಯ,’ ಎಂದಳು. ಅವನು ಮೆಲ್ಲಗೆ ಮುಖ ಒರೆಸಿಕೊಂಡು, ಸಿಂಕಿನಲ್ಲಿ ಬಿದ್ದ ಕೂದಲನ್ನು ಕಾಗದದಲ್ಲಿ ಒತ್ತಿ ತೆಗೆದು ಮಡಿಸಿ ಅವಳ ಕೈಗೆ ಕೊಟ್ಟ. ಗಂಡಸಿನ ಗಡ್ಡದ ಕೂದಲು ಈ ಮನೆಯ ಕಸದಲ್ಲಿ ಹೋಗುವಂತಿರಲಿಲ್ಲ. ಅದನ್ನು ಅವಳು ಚೀಲದಲ್ಲಿಟ್ಟುಕೊಂಡು ಶಾಲೆಯ ದಾರಿಯಲ್ಲಿ ಎಲ್ಲಾದರೂ ಎಸೆಯಬೇಕು.

ಈ ಮನೆಯಲ್ಲಿ ಅವನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವನು ಬೆಕ್ಕು. ‘ಬೆಕ್ಕಿಗೆ ಊಟ ಹಾಕಿದ್ಯಾ?’ ಎನ್ನುತ್ತಿದ್ದಳು ಅಮ್ಮ, ಬ್ರೆಡ್ ಕಾರ್ಖಾನೆಯಿಂದ ಫೋನ್ ಮಾಡಿ. ‘ಬೆಕ್ಕು ಇವತ್ತು ಕಿಟಕಿ ಹತ್ರ ಹೋಗಿತ್ತು, ಬೈದೆ,’ ಎನ್ನುತ್ತಿದ್ದಳು ಇವಳು. ಈ ಒಂಬತ್ತನೇ ಮಹಡಿಯ ಮನೆಯಲ್ಲಿ ಬೆಕ್ಕಿನ ಒಂದು ರೋಮವೂ ಇರಲಿಲ್ಲ. ಇದ್ದದ್ದು ಇಪ್ಪತ್ತಾರು ವರ್ಷದ ಒಬ್ಬ ಗಂಡಸು. ಅವನು ಸೈನ್ಯದ ಭರ್ತಿ ಕಚೇರಿಯ ಚೀಟಿ ಬಂದ ದಿನ ಒಳಕೋಣೆಗೆ ಹೋಗಿ ಪರದೆ ಎಳೆದುಕೊಂಡವನು ಮತ್ತೆ ಹೊರಬಂದಿರಲಿಲ್ಲ. ಆ ಕೋಣೆ ಯರಿನಾಳದಾಗಿತ್ತು. ಈಗ ಅವಳು ಅಡುಗೆಮನೆಯ ಬೆಂಚಿನ ಮೇಲೆ, ಫ್ರಿಜ್ಜಿನ ಪಕ್ಕ ಕಾಲು ಮಡಚಿಕೊಂಡು ಮಲಗುತ್ತಾಳೆ. ಮನೆಯಲ್ಲಿ ಹೆಂಗಸರಿಬ್ಬರೂ ಇಲ್ಲದಾಗ ಅವನು ಕಕ್ಕಸಿಗೆ ನೀರು ಬಿಡುವಂತಿಲ್ಲ, ಆದ್ದರಿಂದ ಶಾಲೆಯಿಂದ ಬಂದವಳ ಮೊದಲ ಕೆಲಸ ಅದು. ಅವನ ಕಾಲುಚೀಲ ಬಾಲ್ಕನಿಯಲ್ಲಿ ಒಣಹಾಕುವಂತಿಲ್ಲ. ಬ್ರೆಡ್ಡನ್ನು ಎರಡು ಅಂಗಡಿಗಳಲ್ಲಿ ಕೊಳ್ಳಬೇಕು. ಊರಿನವರ ಲೆಕ್ಕದಲ್ಲಿ ನಜಾರ್ ಹೋದ ವರ್ಷದ ಸೆಪ್ಟೆಂಬರಿನಲ್ಲಿ ಗಡಿಯ ತೀಸಾ ನದಿಯನ್ನು ಕದ್ದು ಈಜಿ ಆಚೆ ದಡ ಸೇರಿ, ಅಲ್ಲಿಂದ ಪೋಲೆಂಡಿಗೆ ಹೋಗಿ ಸೋಫಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ನಾಚಿಕೆಗೇಡಿನ ಸುದ್ದಿ, ಆದರೆ ಹಳೆಯದಾಗಿ ಹೋದ ಸುದ್ದಿ. ‘ನಿಮ್ಮಣ್ಣ ಈಜು ಎಲ್ಲಿ ಕಲಿತ? ನಮಗೂ ಕಲಿಸೋಕೆ ಹೇಳೆ,’ ಎಂದು ಕ್ಲಾಸಿನ ಓರೆಸ್ತ್ ಕೆಣಕುತ್ತಿದ್ದ. ಅವನಿಗೂ ಬರುವ ವರ್ಷ ಹದಿನೆಂಟು. ಅವಳು ತಲೆ ತಗ್ಗಿಸಿ ಆ ಮಾತು ನುಂಗಿಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಅವಮಾನವನ್ನು ಮಾತ್ರ ಯಾರೂ ಕಂಡಿರಲಿಲ್ಲ. ಕ್ಲಾಸಿನಲ್ಲಿ ಹನ್ನೆರಡಕ್ಕೆ ಹನ್ನೆರಡು ಅಂಕ ತರುವ ಯರಿನಾಳ ಗಣಿತವನ್ನೆಲ್ಲ ಬಿಡಿಸುವವನು ಅವನು. ದಿನವಿಡೀ ಮಾಡಲು ಬೇರೇನು ಕೆಲಸ? ಅವಳ ಪುಸ್ತಕ ಹರಡಿಕೊಂಡು, ಪೆನ್ಸಿಲು ಕಚ್ಚಿಕೊಂಡು, ಅವಳು ಬರುವ ಹೊತ್ತಿಗೆ ಎಲ್ಲ ಮುಗಿಸಿ, ‘ಇದು ನಿಂಗೆ ಅರ್ಥ ಆಗಲ್ಲ, ಸುಮ್ನೆ ನಕಲು ಮಾಡ್ಕೊ,’ ಎನ್ನುತ್ತಿದ್ದ.

ಅಂಕ ಹೆಚ್ಚಿದ್ದರಿಂದಲೇ ಈ ಗ್ರಹಚಾರ ಅವಳ ತಲೆಗೆ ಬಂದದ್ದು. ಶಾಲೆಯಲ್ಲಿ ಕಲಿತು ಯುದ್ಧದಲ್ಲಿ ಸತ್ತವರ ಹೆಸರಿನಲ್ಲಿ ಒಂದೊಂದು ಡೆಸ್ಕು ಇಡುವುದು, ಅದರ ಮೇಲೆ ಸತ್ತವನ ಫೋಟೊ ಮತ್ತು ಜೀವನಚರಿತ್ರೆ ಅಂಟಿಸುವುದು, ಕ್ಲಾಸಿನ ಮೊದಲ ವಿದ್ಯಾರ್ಥಿಯನ್ನು ಅಲ್ಲಿ ಕೂರಿಸುವುದು ಎಲ್ಲ ಊರುಗಳಲ್ಲೂ ನಡೆದುಬಂದಂತೆ ಈ ಶಾಲೆಯಲ್ಲೂ ನಡೆದಿತ್ತು. ಇದು ನಾಲ್ಕನೆಯ ಡೆಸ್ಕು. ಕೊಸ್ತ್ಯಾನದು. ಹತ್ತು ವರ್ಷ ಆ ಡೆಸ್ಕಿನ ಎಡಪಕ್ಕದಲ್ಲಿ ಕೊಸ್ತ್ಯಾ, ಬಲಪಕ್ಕದಲ್ಲಿ ನಜಾರ್ ಕೂತಿದ್ದರೆಂಬುದು ಹಳೆಯ ಟೀಚರುಗಳಿಗೆಲ್ಲ ಗೊತ್ತಿತ್ತು, ಯಾರೂ ಎತ್ತಿರಲಿಲ್ಲ. ಎತ್ತಿದವಳು ಕೊಸ್ತ್ಯಾನ ತಾಯಿ ರಾಯಾ. ಹೋದ ವಾರ ಉಪಮುಖ್ಯೋಪಾಧ್ಯಾಯಿನಿ ತಮಾರಾ ವಸೀಲಿವ್ನಾಳ ಕೋಣೆಯಲ್ಲಿ, ಕೋಟನ್ನೂ ಬಿಚ್ಚದೆ ಕುರ್ಚಿಯ ಅಂಚಿನಲ್ಲಿ ಕೂತು, ‘ಜೊತೆ ಕೂತವನು ಎರಡು ಮಾತು ಆಡ್ಲಿ. ಪರದೆ ಮೇಲೆ ತೋರ್ಸಿ. ಈಗೆಲ್ಲ ಹಾಗೆ ಮಾಡ್ತಾರಲ್ಲ,’ ಎಂದಳು. ತಮಾರಾ ವಸೀಲಿವ್ನಾಳ ಕುತ್ತಿಗೆ ಕೆಂಪಾಯಿತು. ‘ರಾಯಾ, ಓಡಿಹೋದವನ ಮುಖಾನ ಗೋಡೆ ತುಂಬ ಹಾಕ್ಬೇಕಾ? ಭರ್ತಿ ಕಚೇರಿಯಿಂದ ಮೇಜರ್ ಬರ್ತಿದಾರೆ.’ ‘ಹಾಕಿ,’ ಎಂದಳು ರಾಯಾ. ಸತ್ತವನ ತಾಯಿ ಕೇಳಿದ್ದನ್ನು ಇಲ್ಲವೆನ್ನುವ ಧೈರ್ಯ ಈ ದೇಶದಲ್ಲಿ ಈಗ ಯಾವ ಅಧಿಕಾರಿಗೂ ಇಲ್ಲ. ರಾಯಾ ಆಮೇಲೆ ಬಾಗಿಲ ಬಳಿ ನಿಂತಿದ್ದ ಯರಿನಾಳನ್ನು ನೋಡಿದಳು, ನೋಡುತ್ತಲೇ ಇದ್ದಳು. ‘ನಿಮ್ಮಣ್ಣ ಚೆನ್ನಾಗಿದಾನಾ?’ ‘ಚೆನ್ನಾಗಿದಾನೆ ಅತ್ತೆ.’ ‘ಅಲ್ಲಿ ಊಟಗೀಟ ಸೇರುತ್ತಾ?’ ‘ಸೇರುತ್ತೆ ಅತ್ತೆ.’ ರಾಯಾಳ ಮನೆ ಇವರ ಮನೆಯ ನೇರ ಕೆಳಗೆ, ಎಂಟನೇ ಮಹಡಿಯಲ್ಲಿ. ಅಂದು ಮನೆಗೆ ಬಂದು ಹೇಳಿದಾಗ ಅಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ನಜಾರ್ ಮಾತ್ರ, ‘ಮಾತಾಡ್ತೀನಿ. ಇಲ್ಲ ಅಂದ್ರೆ ಅನುಮಾನ ಬರುತ್ತೆ,’ ಎಂದ. ಅನುಮಾನವೆಲ್ಲ ನೆಪ, ನಾಲ್ಕು ಜನರಿಗೆ ಮುಖ ತೋರಿಸುವ ಚಪಲ ಅವನಿಗೆ, ಎಂದು ಯರಿನಾಳಿಗೆ ಅನಿಸಿತು.

ಮೆಟ್ಟಿಲಿಳಿದು ಹೊರಗೆ ಬಂದಾಗ ಹಿಮ ಇನ್ನೂ ಬಿದ್ದಿರಲಿಲ್ಲ, ಬೀಳುವಷ್ಟು ಚಳಿ ಮಾತ್ರ ಇತ್ತು. ಮನೆಯೆದುರಿನ ಕಂಬದ ತುದಿಯಲ್ಲಿ ಊರಿನ ಧ್ವನಿವರ್ಧಕದ ಮೇಲೆ ಪಾರಿವಾಳವೊಂದು ಮುದುಡಿ ಕೂತಿತ್ತು. ಅವಳು ಅದನ್ನು ನೋಡಿ ಮುಂದೆ ನಡೆದಳು. ಇದೇ ರಸ್ತೆಯಲ್ಲಿ ಮಾರ್ಚ್ ತಿಂಗಳಲ್ಲಿ ಕೊಸ್ತ್ಯಾನ ಶವದ ಗಾಡಿ ಬಂದಿತ್ತು. ಜನ ಎರಡು ಕಡೆ ಕೆಸರಿನಲ್ಲೇ ಮೊಣಕಾಲೂರಿದ್ದರು, ಅವಳೂ ಊರಿದ್ದಳು. ಮನೆಗೆ ಹೋದಾಗ ಪರದೆಯ ಸಂದಿಯಲ್ಲಿ ನಜಾರ್ ಕೂಡ ಮೊಣಕಾಲೂರಿ ಕೂತದ್ದನ್ನು ನೋಡಿದಳು. ಕೈಯಲ್ಲಿ ಅರ್ಧ ತಿಂದ ಕಡುಬಿನ ತಟ್ಟೆ ಹಾಗೇ ಇತ್ತು. ಆ ತಟ್ಟೆಯನ್ನು ಕೆಳಗಿಡಬೇಕೆಂದು ಕೂಡ ತೋಚದವನು. ಆ ತಟ್ಟೆಗಾಗಿ ಅವಳು ಅವನನ್ನು ಇಂದಿನವರೆಗೆ ಕ್ಷಮಿಸಿಲ್ಲ. ಹತ್ತು ವರ್ಷದ ಹಿಂದೆ ಸೆಪ್ಟೆಂಬರ್ ಒಂದರಂದು, ಒಂದನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಕೊನೆಯ ಕ್ಲಾಸಿನ ಹುಡುಗ ಹೆಗಲ ಮೇಲೆ ಕೂರಿಸಿಕೊಂಡು ಅಂಗಳ ಸುತ್ತಿ ಮೊದಲ ಗಂಟೆ ಬಾರಿಸುವ ದಿನ, ಗಂಟೆ ಸಿಕ್ಕಿದ್ದು ಯರಿನಾಳ ಕೈಗೆ. ಹೆಗಲು ಕೊಡಬೇಕಾದವನು ನಜಾರ್. ‘ಬೆನ್ನು ನೋವು ಕಣೋ, ನೀನೇ ಹೊತ್ಕೊ,’ ಎಂದು ಅವನು ಕೊಸ್ತ್ಯಾನನ್ನು ಮುಂದೆ ತಳ್ಳಿದ. ತನ್ನ ಬಿಳಿ ರಿಬ್ಬನ್ನು ಕೊಸ್ತ್ಯಾನ ಕಿವಿಗೆ ಉಜ್ಜುತ್ತಿದ್ದುದು, ‘ಜೋರಾಗಿ ಹೊಡಿ ಮರಿ, ಸತ್ತವರೂ ಏಳ್ಬೇಕು’ ಎಂದು ಅವನು ಕೆಳಗಿನಿಂದ ಕೂಗಿದ್ದು ಅವಳಿಗೆ ನೆನಪಿದೆ. ಚೀಟಿ ಬಂದದ್ದೂ ಇಬ್ಬರಿಗೂ ಒಂದೇ ದಿನ. ನಾಳೆ ಎಂಟಕ್ಕೆ ಒಟ್ಟಿಗೇ ಹೋಗೋಣ ಎಂದು ಮಾತಾಗಿತ್ತು. ಎಂಟಕ್ಕೆ ಕೊಸ್ತ್ಯಾ ಕೆಳಗೆ ಅಂಗಳದಲ್ಲಿ ನಿಂತು ಮೂರು ಸಲ ಶಿಳ್ಳೆ ಹಾಕಿದ. ಅಮ್ಮ ಅಡುಗೆಮನೆಯಲ್ಲಿ ಯರಿನಾಳ ತೋಳು ಹಿಡಿದು ನಿಲ್ಲಿಸಿಕೊಂಡಿದ್ದಳು, ಉಗುರು ಒಳಗಿಳಿಯುವ ಹಾಗೆ. ನಾಲ್ಕನೇ ಶಿಳ್ಳೆ ಬರಲಿಲ್ಲ. ಶಾಲೆಯ ಗೇಟಿನ ಬಳಿಯ ಕಸದ ಡಬ್ಬಿಯಲ್ಲಿ ಅವಳು ಗಡ್ಡದ ಕೂದಲಿನ ಪೊಟ್ಟಣವನ್ನು ಎಸೆದಳು.

ಡೆಸ್ಕಿಗೆ ನೀಲಿ ಬಣ್ಣ ಬಳಿದಿದ್ದರು, ಬಣ್ಣದ ವಾಸನೆ ಇನ್ನೂ ಇತ್ತು. ಇಡೀ ಹಲಗೆಯ ಮೇಲೆ ಪ್ಲಾಸ್ಟಿಕ್ಕಿನ ಕೆಳಗೆ ಕೊಸ್ತ್ಯಾ ನಗುತ್ತಿದ್ದ. ‘ಶಿಸ್ತಿನ ವಿದ್ಯಾರ್ಥಿ, ಗಣಿತಪ್ರಿಯ’ ಎಂದು ಬರೆದಿತ್ತು. ಗಣಿತದಲ್ಲಿ ಅವನು ಹತ್ತು ವರ್ಷವೂ ನಜಾರ್‌ನ ಹಾಳೆ ನೋಡಿಯೇ ಬರೆದದ್ದು. ಅವನನ್ನು ಮೂಲೆಯಲ್ಲಿ ನಿಲ್ಲಿಸುತ್ತಿದ್ದ ತಮಾರಾ ವಸೀಲಿವ್ನಾಳೇ ಆ ಸಾಲು ಬರೆದವಳು. ಕ್ಲಾಸಿನಲ್ಲಿ ಐವತ್ತು ಅರವತ್ತು ಜನ ಒತ್ತಿಕೊಂಡು ನಿಂತಿದ್ದರು. ಎಂಟೂವರೆಗೆ ಶುರು, ಎಂಟೂ ನಲವತ್ತಕ್ಕೆ ನಜಾರ್ ಎರಡು ಮಾತು, ಎಂಟೂ ನಲವತ್ತೈದಕ್ಕೆ ಮುಗಿಯಿತು. ಹೀಗೆಂದು ಅವಳು ಅಣ್ಣನಿಗೆ ಹೇಳಿಟ್ಟಿದ್ದಳು. ಆದರೆ ಮೇಜರ್‌ಗೆ ಮಾತು ಕೊಟ್ಟದ್ದು ತಪ್ಪಾಯಿತು. ಮುಖದಲ್ಲಿ ನಿದ್ದೆಯಿಲ್ಲದ, ಒಂದು ಕೈಯ ಬೆರಳುಗಳಿಲ್ಲದ ಆ ಮನುಷ್ಯ ಕಾಗದ ನೋಡದೆ ಮಾತಾಡಿದ, ನಿಲ್ಲಿಸಲು ಬಾರದವನ ಹಾಗೆ ಮಾತಾಡಿದ. ಹುಡುಗರು ಕಾಲು ಬದಲಾಯಿಸಿದರು. ರಾಯಾ ಮೊದಲ ಸಾಲಿನಲ್ಲಿ ಕಪ್ಪು ವಸ್ತ್ರ ತಲೆಗೆ ಕಟ್ಟಿಕೊಂಡು, ಡೆಸ್ಕನ್ನಾಗಲೀ ಮೇಜರನ್ನಾಗಲೀ ನೋಡದೆ ಇನ್ನೂ ಖಾಲಿಯಿದ್ದ ಪರದೆಯನ್ನೇ ನೋಡುತ್ತ ಕೂತಿದ್ದಳು. ಶಾಲೆಗೂ ಕರೆಂಟಿರಲಿಲ್ಲ, ಬ್ಯಾಟರಿಯಿಂದ ಪ್ರೊಜೆಕ್ಟರ್ ನಡೆಸುವ ಹೊಣೆ ಓರೆಸ್ತ್‌ನದು. ‘ನಿಮ್ಮ ಈಜುಗಾರ ಕಾಯ್ತಿದಾನೆ ಕಣೆ, ಬಿಡ್ಲಾ?’ ಎಂದು ಅವನು ಪಿಸುಗುಟ್ಟಿದಾಗ ಎಂಟೂ ಐವತ್ತನಾಲ್ಕಾಗಿತ್ತು.

ಗೋಡೆಯ ತುಂಬ ನಜಾರ್‌ನ ಮುಖ ಬಂತು. ಆ ಮುಖ ಎಷ್ಟು ಬಿಳುಚಿತ್ತೆಂದರೆ, ದಿನವೂ ನೋಡುವ ಅವಳೇ ಬೆಚ್ಚಿದಳು. ಬಿಸಿಲು ಕಾಣದ ಮುಖವೆಂದು ಯಾರಿಗಾದರೂ ಗೊತ್ತಾಗುವ ಹಾಗಿತ್ತು. ಪಕ್ಕದಲ್ಲಿ ಮೊಸರಿನ ಡಬ್ಬಿ, ಹಿಂದೆ ಗಡಿಯಾರದಲ್ಲಿ ಏಳೂ ಐವತ್ತನಾಲ್ಕು. ‘ನಮಸ್ಕಾರ,’ ಎಂದ ಅವನು. ಹಿಂದಿನ ಸಾಲಿನಿಂದ ಯಾರೋ ‘ಸೋಫಾ ಹೇಗಿದೆ?’ ಎಂದರು, ಕಿಸಕ್ಕೆಂದು ನಗು ಹೊಮ್ಮಿತು. ತಮಾರಾ ವಸೀಲಿವ್ನಾ ನಗುವನ್ನು ತಡೆಯಲಿಲ್ಲ. ನಜಾರ್ ಬರೆದಿಟ್ಟುಕೊಂಡದ್ದನ್ನು ಓದಿದ. ಮೀನು ಹಿಡಿಯಲು ದ್ನೀಪ್ರೊ ನದಿಗೆ ಹೋದದ್ದು, ಪರೀಕ್ಷೆಯಲ್ಲಿ ನಕಲು ಮಾಡಿ ಇಬ್ಬರೂ ಸಿಕ್ಕಿಬಿದ್ದದ್ದು. ಆಮೇಲೆ ಕಾಗದ ಕೆಳಗಿಟ್ಟು, ‘ಅವನು ಮೂರು ಸಲ ಶಿಳ್ಳೆ ಹಾಕಿದ,’ ಎಂದು ಶುರುಮಾಡಿ ಅಲ್ಲಿಗೇ ನಿಂತ. ಯಾರಿಗೂ ಅರ್ಥವಾಗಲಿಲ್ಲ. ಯರಿನಾಳಿಗೆ ಅರ್ಥವಾಯಿತು, ಮೈ ಉರಿಯಿತು. ಈಗ ಹೇಳುತ್ತಿದ್ದಾನೆ, ಮೊಸರಿನ ಡಬ್ಬಿ ಇಟ್ಟುಕೊಂಡು. ‘ಅಷ್ಟೇ ರಾಯಾ ಅತ್ತೆ. ನಾನು ಹೊರಡ್ತೀನಿ, ಕೆಲಸಕ್ಕೆ ಹೊತ್ತಾಯ್ತು,’ ಎಂದ ಅವನು. ‘ನಿಲ್ಲೋ,’ ಎಂದಳು ರಾಯಾ, ಮೊದಲ ಸಲ ಬಾಯಿಬಿಟ್ಟು. ‘ಒಂಬತ್ತಾಗ್ತಾ ಬಂತು. ನಿಮಿಷ ನಿಂತು ಹೋಗು. ಅಷ್ಟೂ ಮಾಡಕ್ಕಾಗಲ್ವಾ?’

ಬೆಳಿಗ್ಗೆ ಒಂಬತ್ತಕ್ಕೆ ಸತ್ತವರಿಗಾಗಿ ಇಡೀ ದೇಶ ಒಂದು ನಿಮಿಷ ಎದ್ದು ನಿಲ್ಲುತ್ತದೆ. ಬಸ್ಸು ನಿಲ್ಲುತ್ತದೆ, ಅಂಗಡಿಯಲ್ಲಿ ತಕ್ಕಡಿ ನಿಲ್ಲುತ್ತದೆ. ಊರಿನ ಕಂಬಗಳಿಂದ ಗಡಿಯಾರದಂಥ ಟಕ್ ಟಕ್ ಸದ್ದು ಅರವತ್ತು ಸಲ ಬರುತ್ತದೆ. ದಿನವೂ ಕೇಳಿ ಕೇಳಿ ಅದು ಯಾರ ಕಿವಿಗೂ ಬೀಳದಂತಾಗಿದೆ. ಶಾಲೆಯ ಧ್ವನಿವರ್ಧಕ ಅಕ್ಟೋಬರ್‌ನಲ್ಲಿ ಹತ್ತಿರ ಬಿದ್ದ ಕ್ಷಿಪಣಿಯ ಹೊಡೆತಕ್ಕೆ ಕೆಟ್ಟಿದ್ದರಿಂದ ಇಲ್ಲಿ ತಮಾರಾ ವಸೀಲಿವ್ನಾಳ ಕೈಗಡಿಯಾರವೇ ಲೆಕ್ಕ. ಎಂಟೂ ಐವತ್ತೆಂಟಕ್ಕೆ ಆಕೆ ಮಣಿಕಟ್ಟು ಎತ್ತಿ ನೋಡಿದಳು. ಆಗ ಯರಿನಾಳಿಗೆ ಪಾರಿವಾಳ ನೆನಪಾಯಿತು. ಮುದುಡಿ ಕೂತ ಪಾರಿವಾಳ, ಅದರ ಕಾಲ ಕೆಳಗಿನ ಧ್ವನಿವರ್ಧಕ, ಧ್ವನಿವರ್ಧಕದ ಬಾಯಿ ನೇರ ತಮ್ಮ ಕಿಟಕಿಗೆ. ಎರಡು ದಿನ ಕೂತು ಕಾಗೆಯ ಲೆಕ್ಕ ಕೂಡ ಹಾಕಿದ್ದರು, ಇದನ್ನು ಇಬ್ಬರೂ ಮರೆತಿದ್ದರು. ಫೋನು ಕೈಯಲ್ಲೇ ಇತ್ತು. ‘ಮೈಕ್ ಮುಚ್ಚು. ಕಂಬ.’ ಎಂದು ಟೈಪು ಮಾಡಿದಳು. ಮೂರೇ ಪದ. ಹೆಬ್ಬೆರಳು ಬಾಣದ ಗುರುತಿನ ಮೇಲೆ ನಿಂತಿತ್ತು. ಗೋಡೆಯ ಮೇಲೆ ಅಣ್ಣ ಹೊಸದಾಗಿ ಹೆರೆದ ಗದ್ದವನ್ನು ಸವರಿಕೊಳ್ಳುತ್ತಿದ್ದ. ಅದು ಅಂದವಾಗಿದೆಯೆಂದು ಅವನಿಗೆ ಗೊತ್ತಿತ್ತು. ‘ಯರಿನಾ, ಫೋನ್ ಒಳಗಿಡು. ನಿನಗಾದ್ರೂ ಮರ್ಯಾದೆ ಬೇಡ್ವಾ?’ ಎಂದಳು ತಮಾರಾ ವಸೀಲಿವ್ನಾ. ಕಳಿಸಿ ಇಡಬಹುದಿತ್ತು, ಅರ್ಧ ಕ್ಷಣದ ಮಾತು. ಅವಳು ವಿಧೇಯ ವಿದ್ಯಾರ್ಥಿನಿಯಂತೆ ‘ಸರಿ ಮೇಡಂ’ ಎಂದು, ಕಳಿಸದೆ, ಫೋನನ್ನು ಜೇಬಿಗೆ ಹಾಕಿದಳು.

ಕೂತಿದ್ದವರೂ ಎದ್ದರು. ಪರದೆಯ ಮೇಲೆ ನಜಾರ್ ಕೂಡ ಎದ್ದ. ಎದ್ದ ಕೂಡಲೇ ಅವನ ತಲೆ ಚೌಕಟ್ಟಿನಿಂದ ಮೇಲೆ ಹೋಗಿ, ಗೋಡೆಯ ತುಂಬ ಬೂದು ಸ್ವೆಟರಿನ ಹೊಟ್ಟೆ ಮಾತ್ರ ಉಳಿಯಿತು. ಐದಾರು ಕ್ಷಣ ಏನೂ ಇಲ್ಲ. ಆಮೇಲೆ ಟಕ್. ಟಕ್. ಟಕ್. ಶಾಲೆಯ ಧ್ವನಿವರ್ಧಕ ರಿಪೇರಿಯಾಗಿದೆ ಎಂದುಕೊಂಡವರಂತೆ ಕೆಲವರು ಬಾಗಿಲ ಮೇಲಿನ ಕಪ್ಪು ಡಬ್ಬಿಯನ್ನು ನೋಡಿದರು. ಅದರ ತಂತಿ ಜೋತಾಡುತ್ತಿತ್ತು. ಓರೆಸ್ತ್ ಸ್ಪೀಕರಿನ ಕಡೆ ನೋಡಿದ, ಪರದೆಯ ಕಡೆ ನೋಡಿದ, ಕೊನೆಗೆ ಅವಳ ಕಡೆ ನೋಡಿದ. ಅವನ ಬಾಯಿ ಅರ್ಧ ತೆರೆದಿತ್ತು, ಅದರಲ್ಲಿ ಗೇಲಿ ಇರಲಿಲ್ಲ. ಈ ನಿಮಿಷದಲ್ಲಿ ಯಾರೂ ಅಲುಗಾಡುವಂತಿಲ್ಲ, ಮಾತಾಡುವಂತಿಲ್ಲ. ಐವತ್ತು ಜನ ಕೈ ಇಳಿಬಿಟ್ಟುಕೊಂಡು, ಒಬ್ಬ ಅಡಗಿಕೊಂಡವನ ಕೋಣೆಯೊಳಗಿನ ಸದ್ದನ್ನು ಒಂದು ನಿಮಿಷ ಪೂರ್ತಿ ಕೇಳಿದರು. ಅವನು ಬೂದು ಸ್ವೆಟರಿನಲ್ಲಿ ನೆಟ್ಟಗೆ ನಿಂತಿದ್ದ, ಕೈಗಳನ್ನು ತೊಡೆಗೆ ಒತ್ತಿಕೊಂಡು. ಅವನಿಗೂ ಆ ಸದ್ದು ಕೇಳಿಸುತ್ತಿರಲಿಲ್ಲ, ದಿನವೂ ಕೇಳುವವನು. ಯರಿನಾ ಭಯವಾಗಲೆಂದು ಕಾದಳು. ಭಯದ ಬದಲು ಎದೆಯಿಂದ ಏನೋ ಇಳಿದುಹೋಗಿ ಮೈ ಹಗುರಾಯಿತು. ಬೆಂಚಿನ ಮೇಲೆ ಮಡಚಿದ ಕಾಲನ್ನು ಚಾಚಿದಂತಾಯಿತು. ಅದು ತಿಳಿದ ಕೂಡಲೇ ಅವಳು ಪರದೆಯಿಂದ ಕಣ್ಣು ತೆಗೆದಳು. ಟಕ್ ಟಕ್ ನಿಂತಿತು. ಆಮೇಲೂ ಒಂದು ಸಂಶಯ ಉಳಿದಿದ್ದರೆ, ಕಂಬದ ಹೆಣ್ಣುದನಿ ದಿನದಂತೆ ಊರಿನ ಹೆಸರು ಹಿಡಿದು, ‘ನಮ್ಮ ಊರಿನ ನಾಗರಿಕರೇ, ಧನ್ಯವಾದ,’ ಎಂದು ಅದನ್ನೂ ಮುಗಿಸಿತು. ನಜಾರ್ ಬಗ್ಗಿ ಮುಖ ತೋರಿಸಿದ. ‘ಬರ್ತೀನಿ ಅತ್ತೆ.’ ‘ಕಿಟಕಿ ಸರಿಯಾಗಿ ಮುಚ್ಚಿಕೊಳ್ಳೋ,’ ಎಂದಳು ರಾಯಾ. ‘ಥಂಡಿ ಇದೆ.’ ಅವನು ತಲೆಯಾಡಿಸಿ ನಕ್ಕು ಮರೆಯಾದ. ಮೇಜರ್ ತನ್ನ ಬೆರಳಿದ್ದ ಕೈಯಿಂದ ಟೋಪಿ ತೆಗೆದುಕೊಂಡು, ಯಾರಿಗೂ ಕೈಕೊಡದೆ ಹೊರಗೆ ನಡೆದ.

ಆಮೇಲೆ ನಡೆದದ್ದನ್ನು ಬೇರೆ ಯಾವ ಊರಿನವರೂ ನಂಬಲಾರರು. ಎಲ್ಲರೂ ಕಾರ್ಯಕ್ರಮ ಮುಂದುವರಿಸಿದರು. ತಮಾರಾ ವಸೀಲಿವ್ನಾ ಕಾಗದ ನೋಡಿಕೊಂಡು, ‘ಈ ಗೌರವದ ಜಾಗದಲ್ಲಿ ಮೊದಲು ಕೂರೋ ವಿದ್ಯಾರ್ಥಿನಿ,’ ಎಂದು ಯರಿನಾಳ ಹೆಸರು ಓದಿದಳು. ಯರಿನಾ ಹೋಗಿ ಕೂತಳು. ಎಡಪಕ್ಕ ಕೊಸ್ತ್ಯಾನದು, ಆದ್ದರಿಂದ ಬಲಪಕ್ಕದಲ್ಲಿ ಕೂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಂಪ್ರದಾಯದಂತೆ ಮೊದಲ ಪಾಠ ಅಲ್ಲೇ ನಡೆಯಬೇಕು, ಆ ಪಾಠ ಮುಗಿಯುವವರೆಗೆ ಅಲ್ಲಿ ಕೂತವರು ಏಳಬಾರದು. ಇತಿಹಾಸದ ಮೇಷ್ಟ್ರು ಬಂದು ಬೋರ್ಡಿನ ಮೇಲೆ ಇಸವಿ ಬರೆದರು. ರಾಯಾ ಮನೆಗೆ ಹೋಗದೆ ಹಿಂದಿನ ಕುರ್ಚಿಗೆ ಸರಿದು ಕೂತಿದ್ದಳು. ಕಿಟಕಿಯಾಚೆ, ಶಾಲೆಯ ಗೇಟಿನ ಬಳಿ, ಮೇಜರ್ ಕಾರಿಗೆ ಬೆನ್ನು ಕೊಟ್ಟು ಫೋನಿನಲ್ಲಿ ಮಾತಾಡುತ್ತಿದ್ದ. ಏಳಬೇಕು ಎಂದು ಯರಿನಾ ಅಂದುಕೊಂಡಳು. ಇತಿಹಾಸದ ಮೇಷ್ಟ್ರ ಮುಂದೆ ಎದ್ದುಹೋಗುವುದು ಹೇಗೆ ಎಂದೂ ಅಂದುಕೊಂಡಳು. ಎಂಥ ನೆಪ. ಡೆಸ್ಕಿನ ಕೆಳಗೆ ಕೈಯಾಡಿಸಿದಾಗ ಕಲ್ಲಾಗಿಹೋದ ಚೂಯಿಂಗ್ ಗಮ್ಮಿನ ಸಾಲು ಸಿಕ್ಕಿತು. ಬಣ್ಣ ಬಳಿದವರು ಕೆಳಗೆ ನೋಡಿರಲಿಲ್ಲ. ಅಣ್ಣನ ಗಮ್ಮು, ಹತ್ತು ವರ್ಷದ್ದು. ಜೇಬಿನಲ್ಲಿ ಫೋನು ಗುರ್ ಎಂದಿತು. ತೊಡೆಯ ಮೇಲಿಟ್ಟು ನೋಡಿದಳು. ‘ಹೇಗಿತ್ತು?’ ಸ್ವಲ್ಪ ಹೊತ್ತಿಗೆ ಇನ್ನೊಂದು. ‘ಅತ್ತೆ ಅತ್ತರಾ?’ ಮತ್ತೆ ಇನ್ನೊಂದು. ‘ಬೇಗ ಬಾ. ದೆರುನಿ ಮಾಡ್ತಿದೀನಿ, ಆಲೂಗಡ್ಡೆ ತುರಿದಾಯ್ತು.’ ಅದರ ಕೆಳಗೆ, ಕಳಿಸದ ಮೂರು ಪದ ಬರೆಯುವ ಜಾಗದಲ್ಲಿ ಇನ್ನೂ ಹಾಗೇ ನಿಂತಿದ್ದವು. ಈಗ ಕಳಿಸಿ ಏನು ಪ್ರಯೋಜನ, ಅದನ್ನು ನೋಡಿದರೆ ತಾನು ಮೊದಲೇ ಬರೆದಿದ್ದೆನೆಂದು ಅವನಿಗೆ ಗೊತ್ತಾದೀತು. ಅವಳು ಒಂದೊಂದೇ ಅಕ್ಷರ ಅಳಿಸಿದಳು. ಬದಲಿಗೆ ಬೇರೆ ಏನನ್ನಾದರೂ, ‘ಓಡು’ ಎಂದಾದರೂ ಬರೆಯಬೇಕೆಂದು ಆ ಕ್ಷಣ ಅವಳಿಗೆ ಹೊಳೆಯಲೇ ಇಲ್ಲ.

ರಾಯಾ ಎದ್ದು ಬಂದದ್ದು ಪಾಠದ ನಡುವೆ. ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಲ್ಲಿಸಿದರು. ರಾಯಾ ಡೆಸ್ಕಿನ ಎಡಪಕ್ಕದಲ್ಲಿ, ಮಗನ ಫೋಟೊದ ಮುಂದೆ, ಕೋಟು ಸಮೇತ ಕೂತು ಯರಿನಾಳ ಕಿವಿಯ ಹತ್ತಿರ ಮಾತಾಡಿದಳು. ಬಾಯಿಂದ ಹಸಿ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ‘ವರ್ಷದಿಂದ ಗೊತ್ತು ನಂಗೆ. ನೀವಿಬ್ರೂ ಇಲ್ದಾಗ ತಲೆ ಮೇಲೆ ಓಡಾಡೋದು ಬೆಕ್ಕೇನೆ? ಹೇಳ್ಕೊಡೋಳಾಗಿದ್ರೆ ಯಾವತ್ತೋ ಹೇಳ್ಕೊಡ್ತಿದ್ದೆ. ನನ್ನ ಮಗನ ಮುಂದೆ ಅವನು ಒಂದು ನಿಮಿಷ ನಿಲ್ಬೇಕಿತ್ತು. ನಿಂತ. ಸದ್ದು ಬಂದ್ರೆ ನೀನು ಕರೆ ಕಟ್ ಮಾಡಿಸ್ತೀಯ ಅಂದ್ಕೊಂಡಿದ್ದೆ. ನೀನು ಯಾಕೆ ಸುಮ್ನಿದ್ದೆ?’ ಯರಿನಾ ಪ್ಲಾಸ್ಟಿಕ್ಕಿನ ಅಂಚನ್ನು ಉಗುರಿನಿಂದ ಕೆರೆದಳು. ‘ಫೋನ್ ಕೈಯಲ್ಲಿತ್ತು. ಏನೋ ಬರೆದೆ. ನೋಡ್ತಿದ್ದೆ ನಾನು.’ ರಾಯಾಳ ಕಣ್ಣಿನಲ್ಲಿ ನೀರಿರಲಿಲ್ಲ, ಹೇಸಿಗೆ ಇತ್ತು. ಆ ಹೇಸಿಗೆ ನಜಾರ್‌ನ ಮೇಲಿನದಲ್ಲ. ‘ನಾನು ಅವನನ್ನ ಕ್ಷಮಿಸಲ್ಲ, ಸಾಯೋವರೆಗೂ ಕ್ಷಮಿಸಲ್ಲ. ಆದ್ರೆ ನೀನು ಅವನ ತಂಗಿ. ಏಳು ಇಲ್ಲಿಂದ. ನನ್ನ ಮಗನ ಪಕ್ಕ ಕೂರ್ಬೇಡ. ಮನೆಗೆ ಓಡು.’ ಯರಿನಾ ಎದ್ದಳು. ಅವಳು ಬಾಗಿಲು ದಾಟುವಾಗ ಓರೆಸ್ತ್ ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟ.

ಅವಳು ಓಡಿದಳು. ಕೋಟು ಮರೆತು, ಚೀಲ ಮರೆತು, ಹೆಪ್ಪುಗಟ್ಟಿದ ಕೊಚ್ಚೆ ತುಳಿದುಕೊಂಡು ಓಡಿದಳು. ಮನೆಯೆದುರಿನ ಕಂಬದ ಮೇಲೆ ಪಾರಿವಾಳ ಇರಲಿಲ್ಲ. ಕರೆಂಟು ಬಂದಿರಲಿಲ್ಲ, ಲಿಫ್ಟು ಇಲ್ಲ. ಮೊದಲ ಮಹಡಿ, ಎರಡನೆಯದು, ಮೂರನೆಯದು. ಹೇಳಬೇಕಾದದ್ದನ್ನು ಜೋಡಿಸಿಕೊಳ್ಳತೊಡಗಿದಳು: ಕೇಳಿಸಿಬಿಟ್ಟಿತು,‌ ಎಲ್ಲರಿಗೂ ಕೇಳಿಸಿತು, ಬೂಟು ಹಾಕಿಕೊ, ಮಾಳಿಗೆಗೆ ಹೋಗು, ಅಲ್ಲಿಂದ ಪಕ್ಕದ ಕಟ್ಟಡಕ್ಕೆ. ಆಮೇಲೆ? ಆಮೇಲೆ ಅವನು ಇನ್ನೊಂದು ಮನೆಯಲ್ಲಿ, ಇನ್ನೊಂದು ಪರದೆಯ ಹಿಂದೆ, ಮತ್ತೆ ಅವನಿಗೆ ಬ್ರೆಡ್ಡು, ಮತ್ತೆ ಅವನ ಕೂದಲು ತನ್ನ ಚೀಲದಲ್ಲಿ. ಕಿಟಕಿ ತೆರೆದ ಒಳಕೋಣೆ ಅವಳ ಕಣ್ಣೆದುರು ಬಂತು. ಹಾಸು ಒಗೆದು ಹಾಸಿದ ತನ್ನ ಮಂಚ, ಬಾಲ್ಕನಿಯ ಹಗ್ಗದಲ್ಲಿ ತನ್ನ ಮತ್ತು ಅಮ್ಮನ ಬಟ್ಟೆ ಮಾತ್ರ. ನಾಲ್ಕನೇ ಮಹಡಿಯಲ್ಲಿ ಅವಳಿಗೆ ಗೊತ್ತಾಯಿತು, ತಾನು ಓಡುತ್ತಿಲ್ಲ. ಕಟಕಟೆ ಹಿಡಿದು, ಸಾವಕಾಶ, ಮಾರುಕಟ್ಟೆಯಿಂದ ಬಂದವಳ ಹಾಗೆ ಹತ್ತುತ್ತಿದ್ದಾಳೆ. ಉಸಿರು ಕಟ್ಟಿದ್ದರಿಂದ ಅಲ್ಲ. ಅವಳು ನಿಂತಳು. ಮೇಲಿನಿಂದ ಎಣ್ಣೆಯಲ್ಲಿ ಕರಿದ ಆಲೂಗಡ್ಡೆಯ ವಾಸನೆ ಇಳಿದುಬರುತ್ತಿತ್ತು. ಹಾಡು ಕೂಡ, ಬಾಯಿ ಮುಚ್ಚಿಕೊಂಡು ಗುನುಗುವ ಹಾಡು. ಹದಿನಾಲ್ಕು ತಿಂಗಳಲ್ಲಿ ಅವನು ಒಮ್ಮೆಯೂ ಗುನುಗಿರಲಿಲ್ಲ.

ಕೆಳಗೆ ಕಬ್ಬಿಣದ ಬಾಗಿಲು ಕಿರುಗುಟ್ಟಿತು. ‘ಲಿಫ್ಟ್ ಇಲ್ವಾ?’ ಎಂದಿತು ಒಂದು ಗಂಡುದನಿ. ‘ಇಲ್ಲ. ಎಷ್ಟನೇದು ಅಂದ್ರು?’ ‘ಮಹಡಿ ಹೇಳ್ಲಿಲ್ಲ ಕಣಯ್ಯ. ಕೇಳ್ಕೊಂಡು ಹೋಗೋಣ, ನಡಿ.’ ಬೂಟುಗಳ ಸದ್ದು ಮೇಲೇರತೊಡಗಿತು. ಇನ್ನೈದು ಮಹಡಿ ಇತ್ತು. ಸುಮ್ಮನೆ ಹತ್ತಿ ಹೋದರೆ ಅವರಿಗಿಂತ ಮೊದಲು ಬಾಗಿಲು ತಲುಪಬಹುದಿತ್ತು, ಮೆಲ್ಲಗೆ ಕೀಲಿ ತಿರುಗಿಸಿ, ಬಾಯಿಯ ಮೇಲೆ ಬೆರಳಿಟ್ಟು, ಅವನನ್ನು ಮಾಳಿಗೆಗೆ ದಾಟಿಸಬಹುದಿತ್ತು. ಯರಿನಾ ಕಟಕಟೆ ಹಿಡಿದು ಮೇಲೆ ನೋಡಿದಳು. ಆಮೇಲೆ, ಹದಿನಾಲ್ಕು ತಿಂಗಳು ಆ ಕಟ್ಟಡದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಹೆಸರನ್ನು, ಒಂಬತ್ತು ಮಹಡಿಗೂ ಕೇಳುವ ಹಾಗೆ ಕೂಗಿದಳು.

‘ನಜಾರ್!’

ಮೇಲೆ ಗುನುಗು ನಿಂತಿತು. ಕೆಳಗೆ ಬೂಟುಗಳೂ ಒಂದು ಕ್ಷಣ ನಿಂತು, ಮತ್ತೆ ಬೇಗ ಬೇಗ ಹತ್ತತೊಡಗಿದವು. ತಾನು ಕೂಗಿದ್ದು ಮೇಲಿದ್ದವನಿಗೋ, ಕೆಳಗಿದ್ದವರಿಗೋ ಅವಳಿಗೆ ತಿಳಿಯಲಿಲ್ಲ.